ಕಪಾಟಿನ ಅಂಚಿನ ಚೀಟಿಗಳು

ಸ್ಕ್ಯಾನರ್ ಬಂದ ಮೇಲೆ ಆಸ್ಪತ್ರೆಯ ನಮ್ಮ ಔಷಧಿ ಉಗ್ರಾಣದಲ್ಲಿ ಎಲ್ಲರೂ ಮುಖ ಗಂಟಿಕ್ಕಿಕೊಂಡೇ ಇರುತ್ತಿದ್ದರು. ಡಬ್ಬಿಯ ಮೇಲಿನ ಬಾರ್‌ಕೋಡ್ ಚೀಟಿ ಸ್ವಲ್ಪ ಸುಕ್ಕಾಗಿದ್ದರೂ ಅದು ಓದುತ್ತಿರಲಿಲ್ಲ. ಉಸ್ತುವಾರಿ ನನ್ನದು. ಹಸಿರು ದೀಪ ಬರದೆ ಒಂದು ಡಬ್ಬಿಯೂ ಹೊರಗೆ ಹೋಗಕೂಡದು, ಬೇಗ ಬೇಗ ಮಾಡಿ ಎಂದು ನಾನು ಒಂದೇ ರಾಗ ಹಾಡುತ್ತಿದ್ದೆ.

"ಈ ಗೊಂಬೆ ಹತ್ರ ಗೋಗರೆಯೋದಕ್ಕಿಂತ ನಮ್ಮತ್ತೆ ಹತ್ರ ಗೋಗರೆಯೋದೇ ವಾಸಿ," ಎಂದು ಗೊಣಗುತ್ತಿದ್ದವಳು ನಾವೆಲ್ಲ ಚಿಕ್ಕಮ್ಮ ಎಂದು ಕರೆಯುವ ಹಿರಿಯ ಕೆಲಸಗಾರ್ತಿ.

ಈ ವಾರ ಅವಳ ಕೈ ಇದ್ದಕ್ಕಿದ್ದಂತೆ ಚುರುಕಾಯಿತು. ನನಗೆ ಖುಷಿಯಾಗಬೇಕಿತ್ತು, ಆಗಲಿಲ್ಲ. ಇವತ್ತು ಅವಳ ಹಿಂದೆ ಹೋಗಿ ನಿಂತೆ. ಅವಳು ಸ್ಕ್ಯಾನರ್ ಹಿಡಿದದ್ದು ಕೈಯಲ್ಲಿದ್ದ ಡಬ್ಬಿಗಲ್ಲ, ಕಪಾಟಿನ ಅಂಚಿಗೆ. ಪ್ರತಿ ಖಾನೆಯ ಕೆಳಗೂ ಸುಕ್ಕಿಲ್ಲದ ಒಂದೊಂದು ಚೀಟಿ ಅಂಟಿಸಿತ್ತು.

"ಇದೇನು ಚಿಕ್ಕಮ್ಮಾ?"

"ಖಾಲಿ ಡಬ್ಬಿದು ಕಿತ್ತು ಅಂಟಿಸಿದೀನಿ ಕಣೇ. ಒಳಗಿರೋದು ಅದೇ ಔಷಧಿ ತಾನೆ?"

ಖಾನೆಗೆ ಕೈ ಹಾಕಿದೆ. ಮಕ್ಕಳ ಚುಚ್ಚುಮದ್ದಿನ ಜಾಗದಲ್ಲಿ ದೊಡ್ಡವರದು ಕುಳಿತಿತ್ತು. ಎರಡರ ಡಬ್ಬಿಗೂ ಅದೇ ನೀಲಿ ಪಟ್ಟಿ.

"ಇದ್ರಿಂದ ಏನಾದ್ರೂ ಹೋಯ್ತಾ?"

ಚಿಕ್ಕಮ್ಮ ಬಿಳಿಚಿಕೊಂಡಳು. "ಮಕ್ಕಳ ವಾರ್ಡಿಗೆ. ಈಗಷ್ಟೇ."

ಫೋನ್ ಮಾಡಿದೆ. ಯಾರೂ ಎತ್ತಲಿಲ್ಲ. ಲಿಫ್ಟ್ ಮೇಲೆಲ್ಲೋ ನಿಂತಿತ್ತು. ಮೆಟ್ಟಿಲು ಹತ್ತಿ ಓಡಿದೆ. ವಾರ್ಡಿನಲ್ಲಿ ನರ್ಸ್ ಒಂದು ಮಗುವಿನ ತೋಳನ್ನು ಹತ್ತಿಯಿಂದ ಒರೆಸುತ್ತಿದ್ದಳು. ತುಂಬಿದ ಸಿರಿಂಜು ತಟ್ಟೆಯಲ್ಲಿತ್ತು.

"ಸಿಸ್ಟರ್, ಚುಚ್ಚಬೇಡಿ!"

ಮಗು ಬೆಚ್ಚಿ ಅತ್ತಿತು. ನರ್ಸ್ ಸೀಸೆಯನ್ನು ಬೆಳಕಿಗೆ ಹಿಡಿದು ಓದಿದಳು, ಮತ್ತೊಮ್ಮೆ ಓದಿದಳು. "ನಿಮ್ಮಲ್ಲಿ ಹಸಿರು ಬಂದಿತ್ತಲ್ರೀ," ಎಂದಳು.

ಡಬ್ಬಿ ಹಿಡಿದು ಇಳಿದು ಬಂದಾಗ ಮ್ಯಾನೇಜರ್ ಉಗ್ರಾಣದಲ್ಲಿ ನಗುತ್ತಾ ನಿಂತಿದ್ದರು.

"ಈ ವಾರ ವೇಗದಲ್ಲಿ ನಿಮ್ಮ ವಿಭಾಗವೇ ಫಸ್ಟ್ ಕಣಮ್ಮಾ! ಚಿಕ್ಕಮ್ಮ ಎಲ್ಲರಿಗೂ ಹೇಳಿಕೊಡಲಿ."

ಚಿಕ್ಕಮ್ಮ ನನ್ನನ್ನೇ ನೋಡುತ್ತಿದ್ದಳು. ನಾನು ಬಾಯಿ ಬಿಟ್ಟರೆ ಅವಳ ಕೆಲಸ ಹೋಗುತ್ತದೆ. ಮುಚ್ಚಿಕೊಂಡರೆ ನಾಳೆ ಇನ್ನೊಂದು ತೋಳು.

"ಆ ವೇಗ ಸುಳ್ಳು ಸರ್," ಎಂದು ಎಲ್ಲವನ್ನೂ ಹೇಳಿದೆ.

ಅವರ ನಗು ಇಳಿಯಿತು. "ಯಾರ ತಲೆ ಇದು?"

"ನಂದೇ," ಎಂದಳು ಚಿಕ್ಕಮ್ಮ.

"ಚೀಟಿ ಓದಲ್ಲ ಅಂತ ಇವಳು ದಿನಾ ಬಡ್ಕೊಂಡ್ಲು ಸರ್," ಎಂದೆ. "ಕಿವಿಗೆ ಹಾಕ್ಕೊಳ್ಳದೆ ಬೇಗ ಬೇಗ ಅಂತ ಹಿಂದೆ ಬಿದ್ದಿದ್ದು ನಾನು. ಕಳಿಸೋದಾದ್ರೆ ಇಬ್ಬರನ್ನೂ ಕಳಿಸಿ."

ಅವರು ಉತ್ತರಿಸುವ ಮೊದಲೇ ಹಿಂದಿನ ಸಾಲಿನಿಂದ ಒಂದು ಸಣ್ಣ ದನಿ ಬಂತು.

"ಅಕ್ಕಾ... ನಮ್ಮ ಕಪಾಟಿನಲ್ಲೂ ಅಂಟಿಸಿದೀವಿ."

ಅದರಾಚೆಯ ಸಾಲಿನವರೂ ತಲೆ ತಗ್ಗಿಸಿದರು. ಮ್ಯಾನೇಜರ್ ಫೋನ್ ಕೈಗೆತ್ತಿಕೊಂಡು ಚಿಕ್ಕಮ್ಮನ ಕಡೆ ಕುರ್ಚಿ ಎಳೆದರು.

"ಕೂತ್ಕೊಳ್ಳಿ. ಈ ವಾರ ಯಾವ್ಯಾವ ವಾರ್ಡಿಗೆ ಏನೇನು ಹೋಗಿದೆ, ಹೇಳ್ತಾ ಹೋಗಿ."