ಮೂರು ಗೆರೆಯ ಬೆಲ್ಟು

ಮಂಜುಶ್ರೀ ಇಸ್ತ್ರಿ ಮಾಡುತ್ತಿದ್ದಳು. ಮಾತಿಲ್ಲ, ಗುನುಗಿಲ್ಲ. ಬಿಳಿ ಅಂಗಿಯ ತೋಳಿನ ಮೇಲೆ ನೀರು ಚಿಮುಕಿಸುವುದು, ಇಸ್ತ್ರಿ ಎಳೆಯುವುದು, ಮಗ್ಗುಲು ತಿರುಗಿಸುವುದು. ಅಕ್ಕಿ ಗಂಜಿ ಹಾಕಿ ಒಣಗಿಸಿದ ಕರಾಟೆ ಅಂಗಿ ಹಪ್ಪಳದಂತೆ ಸೆಟೆದುಕೊಂಡಿತ್ತು. ಗಂಜಿ ಹಾಕಿದ ತೋಳು ಗುದ್ದು ಹೊಡೆದಾಗ ಚಟ್ಟನೆ ಸದ್ದು ಮಾಡುತ್ತದೆ. ಅವಳ ಬಾಯಿ ಮಾಡದ ಸದ್ದನ್ನು ಎಂಟು ವರ್ಷಗಳಿಂದ ಅವಳ ತೋಳೇ ಮಾಡಿಕೊಂಡು ಬಂದಿತ್ತು.

ಎದುರಿಗೆ ದೇವರ ಜಗಲಿಯ ಮೇಲೆ ಪ್ಲಾಸ್ಟಿಕ್ ಚೀಲದಲ್ಲಿ ಕಪ್ಪು ಬೆಲ್ಟು ಇತ್ತು. ಅವಳ ಹೆಸರನ್ನು ಬಂಗಾರದ ಬಣ್ಣದ ದಾರದಲ್ಲಿ ಹೊಲಿಸಿ, ಲಾಲಸಾಬ ಸರ್ ಗುರುವಾರವೇ ಕೊಟ್ಟಿದ್ದರು. ಕಲಬುರಗಿ ಕಡೆಯ ಲಾಲಸಾಬ ಸರ್ ಮಹಾರಾಷ್ಟ್ರದ ಸಂಭಾಜಿನಗರದಲ್ಲಿ ಕರಾಟೆ ಕ್ಲಾಸು ನಡೆಸುವವರು. “ಹೆಸರು ಸರಿ ಅದನೋ ಇಲ್ಲೋ ನೋಡ್ಕೊಂಡು ಮತ್ತ ಚೀಲದಾಗ ಇಡು,” ಅಂದಿದ್ದರು. “ನಾಶಿಕದಾಗ ಸ್ಟೇಜಿನ ಮ್ಯಾಲ ನಿಮ್ಮಪ್ಪ ಕಟ್ಟೂತನಕ ನಡುವಿಗಿ ಹಚ್ಚಬ್ಯಾಡ. ನೆಲಕ್ಕ ಬೀಳಬಾರದು. ಬ್ಲ್ಯಾಕ್ ಬೆಲ್ಟ್ ಜನ್ಮದಾಗ ತೊಳೀಬಾರದು. ಸೋಮವಾರ ಮುಂಜಾನಿ ಕಟ್ಕೊಂಡು ಬಾ, ಹುಡುಗಿಯರ ಬ್ಯಾಚು ಇನ್ನ ನಿಂದೇ. ಬೆಲ್ಟ್ ಇಲ್ದೆ ಬಂದ್ರ ಮಾತ್ರ ನಾ ಬ್ಯಾಚ್ ಕೊಡಂಗಿಲ್ಲ ನೋಡು.”

ಮಂಜುಶ್ರೀ ಹೆಸರನ್ನು ಒಮ್ಮೆ ನೋಡಿದಳು, ಇಟ್ಟಳು. ಆಮೇಲೆ ಕೈಯಿಂದ ಮುಟ್ಟಲಿಲ್ಲ. ಕಣ್ಣಿಂದ ದಿನಕ್ಕೆ ನಲವತ್ತು ಸಲ ಮುಟ್ಟಿದಳು.

ನಿಜ ಹೇಳಬೇಕೆಂದರೆ ಕರಾಟೆಗೆ ಸೇರಿದವನು ಅವಳ ತಮ್ಮ ಗುರುಪ್ರಸಾದ. ತಾಯಿ ತೀರಿಕೊಂಡ ವರ್ಷ ಒಂಬತ್ತನೇ ಕ್ಲಾಸಿಗೇ ಶಾಲೆ ಬಿಟ್ಟಿದ್ದ ಮಂಜುಶ್ರೀಯ ಕೆಲಸ, ಅವನನ್ನು ಕೈಹಿಡಿದು ಕ್ಲಾಸಿಗೆ ಬಿಡುವುದು, ಬಾಗಿಲ ಬಳಿ ಕಾಯುವುದು, ಕರೆತರುವುದು. ಮೂರನೇ ದಿನ ಹೆಬ್ಬೆರಳಿಗೆ ಪೆಟ್ಟು ಮಾಡಿಕೊಂಡು ಅವನು ಮನೆಯಲ್ಲೇ ಕೂತ. ಬೆಳೆಯುವ ಹುಡುಗನೆಂದು ಅಪ್ಪ ಗುರುಲಿಂಗಪ್ಪ ಎರಡು ಅಳತೆ ದೊಡ್ಡ ಅಂಗಿ ತಂದಿದ್ದ. ಅದು ಮಗಳಿಗೆ ಹೊಲಿಸಿದಂತೆ ಕೂತಿತು. “ಹೊಸ ಅರಿವಿ ಸುಮ್ಮ ಯಾಕ ಹಾಳಾಗಬೇಕು, ನೀನೇ ಹೋಗು,” ಅಂದ. ಹಾಗೆ ಹೋದವಳು ಎಂಟು ವರ್ಷ ಹೋದಳು. ಬಾಗಿಲ ಬಳಿ ನಿಂತು ನೋಡಿದ್ದರಲ್ಲೇ ಅವಳಿಗೆ ಅರ್ಧ ಬಂದುಬಿಟ್ಟಿತ್ತು.

ಇನ್ನು ಅಜ್ಜಿ ಪಾರ್ವತಿಬಾಯಿ. ಭಾಲ್ಕಿಯಿಂದ ಈ ಊರಿಗೆ ಬರುವಾಗ ಆಕೆ ತಂದ ನೇಮ ಒಂದೇ: ಹೊಸ ಸಾಮಾನು ಯಾವುದೇ ಬರಲಿ, ವಿಭೂತಿಯಲ್ಲಿ ಮೂರು ಬೆರಳು ಎಳೆಯದೆ ಮನೆಯಲ್ಲಿ ಬಳಸುವಂತಿಲ್ಲ. ಫ್ರಿಜ್ಜಿಗೆ ಮೂರು ಗೆರೆ, ಸ್ಕೂಟರಿಗೆ ಮೂರು ಗೆರೆ, ಗ್ಯಾಸಿನ ಸಿಲಿಂಡರು ತಿಂಗಳಿಗೊಮ್ಮೆ ಬದಲಾದರೂ ಪ್ರತಿಯೊಂದಕ್ಕೂ ಮೂರು ಗೆರೆ. ಗುರುಪ್ರಸಾದನ ಮೊಬೈಲಿನ ಬೆನ್ನು ನೋಡಿ ಅವನ ಗೆಳೆಯರು ಇದು ಯಾವ ಕಂಪನಿಯದೆಂದು ಕೇಳಿದ್ದರು.

ಇಷ್ಟು ಗೊತ್ತಿದ್ದೂ ಚೀಲವನ್ನು ಜಗಲಿಯ ಮೇಲೆ ಇಟ್ಟದ್ದು ಮಂಜುಶ್ರೀಯದೇ ತಪ್ಪು.

ಭಾನುವಾರ ನಸುಕಿನಲ್ಲಿ ಸರಕಾರಿ ಬಸ್ಸು ಹಿಡಿದರು. ವೈಜಾಪುರದಲ್ಲಿ ಬಸ್ಸು ಚಹಾಕ್ಕೆ ನಿಂತಾಗ ಗುರುಲಿಂಗಪ್ಪ ಗುರುತಿಲ್ಲದ ನಾಲ್ಕು ಜನರಿಗೆ, “ನಮ್ಮ ಮನ್ಯಾಗ ಬ್ಲ್ಯಾಕ್ ಬೆಲ್ಟ್ ಬಂದದ್ರಿ,” ಎಂದು ಹೇಳಿ ಬಂದ. ಯಾರಿಗೆ ಬಂದಿದೆ ಅನ್ನುವುದನ್ನು ಹೇಳಲಿಲ್ಲ. ಗುರುಪ್ರಸಾದ ಎದೆ ಉಬ್ಬಿಸಿಕೊಂಡು ಪಕ್ಕದಲ್ಲಿ ನಿಂತಿದ್ದ. ಮಂಜುಶ್ರೀ ಕಿಟಕಿಯಿಂದ ನೋಡಿದಳು. ಚೀಲ ಅಜ್ಜಿಯ ಮಡಿಲಲ್ಲಿತ್ತು. ಅಜ್ಜಿ ಅದನ್ನು ಯಾರಿಗೂ ಮುಟ್ಟಗೊಡಲಿಲ್ಲ.

ನಾಶಿಕದ ಸಮಾರಂಭ ಒಂದು ಮಂಗಲ ಕಾರ್ಯಾಲಯದಲ್ಲಿ. ಹಿಂದಿನ ದಿನದ ಮದುವೆಯ ಹೂಮಾಲೆಗಳನ್ನು ಇನ್ನೂ ಬಿಚ್ಚಿರಲಿಲ್ಲ. ವಧೂವರರ ಕೆಂಪು ಸಿಂಹಾಸನಗಳಲ್ಲೊಂದರ ಮೇಲೆ ಕೃಷ್ಣರಾಜ ಸರ್ ಕೂತಿದ್ದರು. ಉಡುಪಿ ಕಡೆಯವರು; ನಾಶಿಕದಲ್ಲಿ ಅವರದು ಇಡ್ಲಿ ವಡೆಯ ಹೋಟೆಲು. ಕರಾಟೆಯಲ್ಲಿ ಎಲ್ಲರ ಗುರುಗಳಿಗೂ ಗುರು. ಅವರ ಬೆಲ್ಟಿನ ತುದಿಯಲ್ಲಿ ಐದು ಗೆರೆ. ಅವರ ಶಾಲೆಯಲ್ಲಿ ಗೆರೆಯೆಂದರೆ ದರ್ಜೆ. ಹೊಸದಾಗಿ ಬೆಲ್ಟು ಪಡೆದವರ ತುದಿ ಬರೀ ಕಪ್ಪು. ಮುಂದಿನ ಒಂದೊಂದು ಗೆರೆಗೂ ವರ್ಷಗಟ್ಟಲೆ ಬೆವರು, ಒಂದೊಂದು ಪರೀಕ್ಷೆ. ಲಾಲಸಾಬ ಸರ್‌ಗೆ ಇಪ್ಪತ್ತೈದು ವರ್ಷದ ಅಭ್ಯಾಸಕ್ಕೆ ಎರಡು ಗೆರೆ ಬಂದಿದ್ದವು.

ಶಾಲು, ತೆಂಗಿನಕಾಯಿ, ಸತ್ಕಾರ, ಭಾಷಣ ಎಲ್ಲ ಮುಗಿಯುವ ಹೊತ್ತಿಗೆ ಗಂಜಿಯ ಅಂಗಿಯೂ ಬೆವರಿಗೆ ಮೆತ್ತಗಾಗಿತ್ತು. ಮಂಜುಶ್ರೀಯ ಸರದಿ ಬಂತು. ವಾಡಿಕೆಯಂತೆ ಹಳೆಯ ಕಂದು ಬೆಲ್ಟು ಬಿಚ್ಚಿ ಲಾಲಸಾಬ ಸರ್ ಕೈಗೆ ಒಪ್ಪಿಸಿದಳು. ಗುರುಲಿಂಗಪ್ಪ ಸ್ಟೇಜು ಹತ್ತಿ ಹೊಸ ಬೆಲ್ಟನ್ನು ಅವಳ ನಡುವಿಗೆ ಎರಡು ಸುತ್ತು ಸುತ್ತಿದ. ಜೋಳದ ಚೀಲಗಳ ಬಾಯಿ ಕಟ್ಟಿ ಪಳಗಿದ ಕೈ. ಅದೇ ಗಂಟು ಹಾಕಿ, ಹಲ್ಲು ಕಚ್ಚಿ ಎಳೆದ. ಮಂಜುಶ್ರೀಯ ಉಸಿರು ಅರ್ಧಕ್ಕೆ ನಿಂತಿತು. ಆದರೂ ಆ ಬಿಗಿ ಹಿತವಾಗಿತ್ತು.

ಕೆಳಗೆ ನೋಡಿದಳು. ಜೋತುಬಿದ್ದ ತುದಿಯ ಮೇಲೆ, ಅಚ್ಚ ಬಿಳುಪಿನ ಮೂರು ಗೆರೆ.

ಉಗುರಿನಿಂದ ಕೆರೆದಳು. ಅಲ್ಲಾಡಲಿಲ್ಲ. ಅಷ್ಟರಲ್ಲಿ ದರ್ಜೆಯಂತೆ ಸಾಲು ನಿಲ್ಲಿಸುತ್ತಿದ್ದ ಸ್ವಯಂಸೇವಕನೊಬ್ಬ ಗೆರೆಗಳನ್ನು ಎಣಿಸಿ, ತಬ್ಬಿಬ್ಬಾಗಿ, “ಮ್ಯಾಡಮ್, ನೀವಿಲ್ಲಿ ಯಾಕೆ? ಮುಂದೆ ಬನ್ನಿ,” ಎಂದು ಮರಾಠಿಯಲ್ಲಿ ಉಪಚರಿಸುತ್ತ ಮುಂದಕ್ಕೆ ಕರೆದೊಯ್ದ. ಇಲ್ಲವೆನ್ನಲು ಬಾಯಿ ಬೇಕು. ಮಂಜುಶ್ರೀಯ ಬಾಯಿ ಏಳುವಷ್ಟರಲ್ಲಿ ಅವಳು ಲಾಲಸಾಬ ಸರ್‌ಗಿಂತ ಮುಂದೆ ನಿಂತಾಗಿತ್ತು.

“ಹಿರಿಯರಿಗೆ ವಂದನೆ!” ಎಂದು ಮೈಕು ಕೂಗಿತು.

ಲಾಲಸಾಬ ಸರ್ ಕಣ್ಣಿಗೆ ಮೊದಲು ಬಿದ್ದದ್ದು ಬೆಲ್ಟು. ಇಪ್ಪತ್ತೈದು ವರ್ಷದ ಶಿಸ್ತು. ಮೂರು ಗೆರೆ ಕಂಡದ್ದೇ ಕತ್ತು ತಾನಾಗಿ ಬಾಗಿತು. “ಓಸ್!” ಎಂದು ಕರಾಟೆಯ ನಮಸ್ಕಾರ ಹೇಳಿ ಸೊಂಟದವರೆಗೆ ಬಗ್ಗಿ ಎದ್ದ ಮೇಲೆ ಅವರು ಮುಖ ನೋಡಿದರು.

“ಮಂಜೂ?”

ಮಂಜುಶ್ರೀ ಗಾಬರಿಯಲ್ಲಿ ಅವರಿಗಿಂತ ಕೆಳಗೆ ಬಗ್ಗಿದಳು. ಅದನ್ನು ಕಂಡು ಅವರು ಇನ್ನೊಮ್ಮೆ ಬಗ್ಗಿದರು. ಹೀಗೆ ಗುರುಶಿಷ್ಯರಿಬ್ಬರೂ ಮೂರು ಮೂರು ಸಲ ಬಗ್ಗಿ ಎದ್ದಾಗ ಕೃಷ್ಣರಾಜ ಸರ್ ಕನ್ನಡಕ ಹಾಕಿಕೊಂಡು ಹತ್ತಿರ ಬಂದರು.

“ಎಂತದು ಇದು? ಲಾಲಸಾಬರೇ, ನಿಮಗೆ ಎರಡು, ನಿಮ್ಮ ಶಿಷ್ಯೆಗೆ ಮೂರಾ? ಯಾರು ಕೊಟ್ಟದ್ದು ಮಾರಾಯ್ರೆ?”

“ನಾ ಹಚ್ಚೀನ್ರಿ!” ಎರಡನೇ ಸಾಲಿನಿಂದ ಪಾರ್ವತಿಬಾಯಿ ಎದ್ದಳು. ಸೆರಗು ಸಿಕ್ಕಿಸಿಕೊಂಡು ಸ್ಟೇಜು ಹತ್ತಿದಳು. “ಮುಂಜಾನಿ ಪೂಜಾಕ್ಕ ಕುಂತಾಗ ಹಚ್ಚೀನಿ. ಬಸ್ಸಿನ್ಯಾಗ ಉದುರತಾದಂತ ವಿಭೂತಿಯೊಳಗ ಒಂದೀಟು ಗೋಂದು ಕಲಸೀನಿ. ಏನ್ ತಪ್ಪದ ಇದ್ರಾಗ?”

“ಗೋಂದಾ?” ಲಾಲಸಾಬ ಸರ್ ಹಣೆ ಹಿಡಿದುಕೊಂಡರು. “ಅಮ್ಮಾ, ಮೂರು ಗೆರಿ ಅಂದ್ರ ಭಾಳ ದೊಡ್ಡ ಪರೀಕ್ಷಾ ಪಾಸಾಗಬೇಕ್ರಿ.”

“ಶಿವಪ್ಪಗ ಯಾರ್ ಪರೀಕ್ಷಾ ತಗೋತಾರೋ, ಲಾಲಸಾಬ?” ಅಂದಳು ಅಜ್ಜಿ. ಆಮೇಲೆ ಅವಳ ಕಣ್ಣು ಕೃಷ್ಣರಾಜ ಸರ್ ಬೆಲ್ಟಿನ ಮೇಲೆ ಬಿತ್ತು. ಬಗ್ಗಿ, ಬೆರಳಿಟ್ಟು ಎಣಿಸಿದಳು. “ಇದೇನ್ರಿ ಯಪ್ಪಾ, ನಿಮಗ ಯಾವ ಪುಣ್ಯಾತ್ಮ ಹಚ್ಚ್ಯಾನ? ಐದು ಅವ! ಮೂರೇ ಇರಬೇಕು. ಎರಡು ಅಳಿಸ್ರಿ.”

ಸಭೆಯಲ್ಲಿ ಕನ್ನಡ ಗೊತ್ತಿದ್ದವರು ನಕ್ಕರು. ಅವರು ನಕ್ಕದ್ದನ್ನು ನೋಡಿ ಮರಾಠಿಯವರೂ ನಕ್ಕರು. ಗುರುಪ್ರಸಾದ ಮೊಬೈಲು ಎತ್ತಿ ಹಿಡಿದಿದ್ದ. “ಅಜ್ಜಿ, ಥಾಂಬ್, ಜರಾ ನಿಲ್ಲು, ಇಕಡೆ ನೋಡು!”

“ನಗುವುದಲ್ಲ ಇದು,” ಅಂದರು ಕೃಷ್ಣರಾಜ ಸರ್, ತಮ್ಮ ಐದು ಗೆರೆಯನ್ನು ಅಂಗೈಯಲ್ಲಿ ಮುಚ್ಚಿಕೊಂಡು. “ಗಳಿಸದ ಗೆರೆ ಕಟ್ಟಿಕೊಂಡು ಈ ಸ್ಟೇಜಿನಿಂದ ಯಾರೂ ಇಳಿದು ಹೋದದ್ದಿಲ್ಲ. ಬಿಚ್ಚಿ ಅದನ್ನು.”

ಬಿಚ್ಚುವುದು ಅಷ್ಟು ಸುಲಭವೇ? ಲಾಲಸಾಬ ಸರ್ ಎಳೆದರು, ಸ್ವಯಂಸೇವಕ ಎಳೆದ. ಕಡೆಗೆ ಗುರುಲಿಂಗಪ್ಪನೇ ಮಂಡಿಯೂರಿ ಹಲ್ಲಿನಿಂದ ಗಂಟು ಸಡಿಲಿಸಿದ. ಬೆಲ್ಟು ಬಂತು. ಮಂಜುಶ್ರೀಯ ಅಂಗಿ ನಡುವಿನಲ್ಲಿ ಬಾಯಿ ಬಿಟ್ಟಿತು. ಒಳಗಿನ ಬನಿಯನ್ ಕಾಣದಂತೆ ಅವಳು ಎರಡೂ ಕೈಯಲ್ಲಿ ಅಂಗಿಯನ್ನು ಕೂಡಿಸಿ ಹಿಡಿದಳು. ಕಂದು ಬೆಲ್ಟು ಹೋಗಿತ್ತು, ಕಪ್ಪು ಇಲ್ಲ. ನಾಳೆ ಸೋಮವಾರ. ಹನ್ನೆರಡು ಜನ ಹುಡುಗಿಯರು ಸಾಲಾಗಿ ನಿಂತು ಅವಳಿಗಾಗಿ ಕಾಯುತ್ತಾರೆ.

“ನೀರು ತರ್ರಿ, ಒರೆಸಿಬಿಡೋಣ,” ಅಂದ ಗುರುಲಿಂಗಪ್ಪ.

“ಬ್ಲ್ಯಾಕ್ ಬೆಲ್ಟ್ ತೊಳೀಬಾರದ್ರಿ!” ಲಾಲಸಾಬ ಸರ್ ಒಂದು ತುದಿ ಹಿಡಿದರು.

“ಶಿವನ ಗೆರಿ ಅಳಿಸಬಾರದು!” ಅಜ್ಜಿ ಇನ್ನೊಂದು ತುದಿ ಹಿಡಿದಳು.

“ಹಾಗಾದರೆ ಕತ್ತರಿ ತನ್ನಿ, ತುದಿ ಕತ್ತರಿಸುವ,” ಅಂದರು ಕೃಷ್ಣರಾಜ ಸರ್.

“ಹೊಸಾ ಅರಿವಿ ಕತ್ತರಸ್ತೀರೇನ್ರಿ!” ಗುರುಲಿಂಗಪ್ಪ ನಡುವೆ ಕೈ ಹಾಕಿದ.

ಬೆಲ್ಟು ನೆಲ ಮುಟ್ಟಬಾರದು, ಆದ್ದರಿಂದ ಯಾರೂ ಬಿಡುವಂತಿರಲಿಲ್ಲ. ಅಜ್ಜಿ ಎಳೆದರೆ ಸರ್ ಒಂದು ಹೆಜ್ಜೆ ಮುಂದೆ, ಸರ್ ಎಳೆದರೆ ಅಜ್ಜಿ ಒಂದು ಹೆಜ್ಜೆ ಮುಂದೆ. ನಡುವೆ ಗುರುಲಿಂಗಪ್ಪ ಅತ್ತಿತ್ತ. ಕೃಷ್ಣರಾಜ ಸರ್ ಕತ್ತರಿಗಾಗಿ ಮದುವೆಯ ಹೂವಿನವನನ್ನು ಕೂಗುತ್ತಿದ್ದರು. ಮೈಕಿನವನು ಮುಂದಿನ ವಿದ್ಯಾರ್ಥಿಯ ಹೆಸರು ಓದಿದ. ಆ ವಿದ್ಯಾರ್ಥಿ ಬಂದು, ನೋಡಿ, ಗೋಡೆಗೆ ಸರಿದು ನಿಂತ.

ಮಂಜುಶ್ರೀ ಎಲ್ಲವನ್ನೂ ನೋಡುತ್ತಿದ್ದಳು. ಬಾಗಿಲ ಬಳಿ ನಿಂತು ನೋಡುವುದು ಅವಳಿಗೆ ಅಭ್ಯಾಸ. ಬಂಗಾರದ ದಾರದ ಅವಳ ಹೆಸರು ಅಪ್ಪನ ಮುಷ್ಟಿಯೊಳಗೆ ಮುದುಡಿತ್ತು.

“ನನ್ನ ಬೆಲ್ಟು,” ಅಂದಳು. ಅವಳಿಗೇ ಕೇಳಲಿಲ್ಲ.

ಅಂಗಿಯನ್ನು ಹಿಡಿದಿದ್ದ ಕೈಗಳನ್ನು ಬಿಟ್ಟಳು. ಕಾಲು ಅಗಲಿಸಿ ನೆಲ ಒತ್ತಿ ನಿಂತಳು. “ಹೊಟ್ಟ್ಯಾಗಿಂದ ಕೂಗು ಬರ್ಲಿ, ಮಂಜೂ,” ಎಂದು ಎಂಟು ವರ್ಷ ಲಾಲಸಾಬ ಸರ್ ಗೋಗರೆದಿದ್ದರು. ಬಂದಿರಲಿಲ್ಲ. ಈಗ ಬಂತು. ಹೂಮಾಲೆಗಳು ಅಲುಗಿದವೋ ಅನ್ನಿಸಿತು. ಮೈಕಿನವನು ಬಾಯಿ ಮುಚ್ಚಿದ, ಅಜ್ಜಿಯ ಕೈ ಹಿಡಿದಲ್ಲೇ ನಿಂತಿತು, ಕತ್ತರಿ ತಂದವನು ಅದನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡ.

ಮಂಜುಶ್ರೀ ಎರಡೂ ಕೈ ಮುಂದೆ ಚಾಚಿದಳು.

“ನನ್ನ ಬೆಲ್ಟು ನನಗ ಕೊಡ್ರಿ.”

ಕೃಷ್ಣರಾಜ ಸರ್ ಕತ್ತರಿಯವನಿಗೆ ಹೋಗೆಂದು ಕೈ ಮಾಡಿದರು; ಹಿಡಿದಿದ್ದ ಮೂವರೂ ಬೆಲ್ಟನ್ನು ನೆಲ ಮುಟ್ಟಿಸದೆ ಅವಳ ಅಂಗೈಗಳ ಮೇಲೆ ಇಟ್ಟರು.