ನರದ ತುದಿಯಲ್ಲಿ ನಿಂತ ಕೂಗು

ತರಕಾರಿ ಮಂಡಿಯಲ್ಲಿ ಹರಾಜು ಕೂಗುವ ಗಂಟೆಯಣ್ಣನಿಗೆ ಮೈಕು ಬೇಕಿರಲಿಲ್ಲ. ಮರದ ಪೆಟ್ಟಿಗೆಯ ಮೇಲೆ ಹತ್ತಿ ನಿಂತು ಬಾಯಿ ತೆರೆದರೆ ಆಚೆ ಗೇಟಿನಲ್ಲಿ ಲಾರಿ ಇಳಿಸುತ್ತಿದ್ದವರೂ ತಲೆ ಎತ್ತುತ್ತಿದ್ದರು. ಆ ದನಿಗಾಗಿಯೇ ಅವನಿಗೆ ಆ ಹೆಸರು ಬಿದ್ದದ್ದು. ನಿಜವಾದ ಹೆಸರು ಹೆಂಡತಿಯ ತವರಿನವರಿಗೂ ಮರೆತುಹೋಗಿತ್ತು. ಎಲೆಕೋಸಿನ ರಾಶಿಯನ್ನು ಅವನು ಹೊಗಳುವುದನ್ನು ಕೇಳಿದರೆ, ಮಾರಲು ನಿಂತಿದ್ದಾನೋ ಸಂಬಂಧ ಕುದುರಿಸಲು ನಿಂತಿದ್ದಾನೋ ಎಂದು ಅನುಮಾನ ಬರಬೇಕು.

ಅಂಥ ದನಿ ಒಂದು ಬೇಸಿಗೆಯಲ್ಲಿ ಕೈಕೊಡತೊಡಗಿತು.

ಮೊದಲ ರಾಶಿಗಳಿಗೆ ಎಂದಿನ ಕಂಚಿನ ಕಂಠವೇ ಇರುತ್ತಿತ್ತು. ಬದನೆ, ಟೊಮೆಟೊ ಮುಗಿದು ಈರುಳ್ಳಿ ಮೂಟೆಗಳ ಹೊತ್ತಿಗೆ ಮಾತು ಮೂಗಿನಿಂದ ಬರುತ್ತಿತ್ತು. ಆಲೂಗಡ್ಡೆಗೆ ಬರುವಷ್ಟರಲ್ಲಿ ನಾಲಿಗೆ ಹೊರಳದೆ 'ಮೂರನೇ ಸಲ' ಎನ್ನುವುದು 'ಊನೇ ಅಲ' ಎಂದಾಗುತ್ತಿತ್ತು. ಎಡಗಣ್ಣಿನ ರೆಪ್ಪೆ, ಬಾಗಿಲು ಅರ್ಧ ಎಳೆದ ಅಂಗಡಿಯ ಹಾಗೆ, ಜೋತು ಬೀಳುತ್ತಿತ್ತು. ಮನೆಗೆ ಹೋಗಿ ಒಂದಿಷ್ಟು ಹೊತ್ತು ಅಡ್ಡಾಗಿ ಎದ್ದರೆ ಎಲ್ಲವೂ ಸರಿ. ಅವನಿಗೆ ಮುಳುವಾದದ್ದೂ ಅದೇ. ಸಂಜೆ ನಿದ್ದೆ ಮುಗಿಸಿ ಬೀದಿಯ ಡಾಕ್ಟರ ಮುಂದೆ ಕೂತಾಗ ಮಾತು ಸ್ಫಟಿಕದಂತೆ ಸ್ಪಷ್ಟ. ಡಾಕ್ಟರು ಗಂಟಲಿಗೆ ಟಾರ್ಚು ಬಿಟ್ಟು ನೋಡಿ, "ಕೂಗಿ ಕೂಗಿ ಸವೆದಿದೆ, ಬಿಸಿನೀರು ಕುಡೀರಿ" ಎಂದು ಕಳಿಸಿದರು.

ಮಂಡಿಯವರು ಬೇರೆಯೇ ಕಾರಣ ಹುಡುಕಿಕೊಂಡರು. ತೂಗುವ ಕಣ್ಣು, ತೊದಲುವ ನಾಲಿಗೆ, ಮಧ್ಯಾಹ್ನ ಮಲಗಿ ಎದ್ದರೆ ಹುಷಾರು, ಇನ್ನೇನು ಬೇಕು? ಒಂದು ದಿನ ಮಂಡಿಯ ಕಾರ್ಯದರ್ಶಿ ಅವನನ್ನು ಪಕ್ಕಕ್ಕೆ ಕರೆದು ಹೆಗಲ ಮೇಲೆ ಕೈಯಿಟ್ಟ.

"ಗಂಟೆಯಣ್ಣ, ತಪ್ಪು ತಿಳ್ಕೋಬೇಡ. ಸ್ವಲ್ಪ ದಿನ ಮನೇಲಿರು. ಅದನ್ನ ಬಿಡೋದು ಕಷ್ಟ, ನಂಗೊತ್ತು. ನಮ್ಮ ಚಿಕ್ಕಪ್ಪನೂ ಹಿಂಗೇ ಇದ್ರು."

"ಯಾವುದನ್ನ ಬಿಡೋದು?"

ಕಾರ್ಯದರ್ಶಿ ಹೆಬ್ಬೆರಳನ್ನು ಬಾಯಿಯ ಕಡೆ ತೋರಿಸಿ ಕರುಣೆಯಿಂದ ನಕ್ಕ.

ಜೀವಮಾನದಲ್ಲಿ ಚಹಾಕ್ಕಿಂತ ಗಟ್ಟಿಯಾದದ್ದನ್ನು ಕುಡಿಯದ ಮನುಷ್ಯ. ಗಂಟೆಯಣ್ಣನ ಮೈಯೆಲ್ಲ ಉರಿದುಹೋಯಿತು. ನಾಲ್ಕು ಮಾತು ಝಾಡಿಸಬೇಕೆಂದು ಬಾಯಿ ತೆರೆದ. ಅವು ಒಂದರ ಮೇಲೊಂದು ಕಲಸಿಕೊಂಡು ಕುಡುಕನ ಮಾತಿನಂತೆಯೇ ಹೊರಬಿದ್ದವು. ತಲೆ ತಗ್ಗಿಸಿ ಮನೆಗೆ ಬಂದ.

ಅಂದು ಸೊಸೆಗೆ ರಜೆ. ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದ ಮಗ ಮೆಚ್ಚಿ ಮದುವೆಯಾದ ಹುಡುಗಿ ಅವಳು. ವೈದ್ಯಕೀಯ ಕಾಲೇಜಿನಲ್ಲಿ ನರಗಳ ಪಾಠ ಮಾಡುತ್ತಿದ್ದಳು, ಪ್ರಯೋಗಶಾಲೆಯಲ್ಲಿ ನರಕೋಶಗಳಿಗೆ ಕೂದಲಿಗಿಂತ ಸಣ್ಣ ತಂತಿ ಚುಚ್ಚಿ ಅವುಗಳ ವಿದ್ಯುತ್ತು ಅಳೆಯುತ್ತಿದ್ದಳು. ಮನೆಗೆ ಬಂದು ವರ್ಷವಾಗಿದ್ದರೂ ಮಾವ ಸೊಸೆಯರ ಮಾತು 'ಊಟ ಆಯ್ತಾ', 'ಆಯ್ತು' ದಾಟಿರಲಿಲ್ಲ. ಅವಳ ಕೆಲಸವೆಂದರೆ ಕಪ್ಪೆಕಾಲಿಗೆ ಕರೆಂಟು ಕೊಡುವುದು ಎಂದಷ್ಟೇ ಗಂಟೆಯಣ್ಣ ತಿಳಿದಿದ್ದ.

ಊಟಕ್ಕೆ ಕೂತಾಗ ಸೊಸೆ ಅವನನ್ನೇ ನೋಡುತ್ತಿದ್ದಳು. ಮೊದಲ ತುತ್ತುಗಳನ್ನು ಚೆನ್ನಾಗಿ ಅಗಿದ. ಬರಬರುತ್ತಾ ದವಡೆ ನಿಧಾನವಾಯಿತು. ಕೊನೆಗೆ ಎಡಗೈಯನ್ನು ಗದ್ದದ ಕೆಳಗೆ ಕೊಟ್ಟು, ದವಡೆಯನ್ನು ತಾನೇ ಎತ್ತಿ ಎತ್ತಿ ಅಗಿಯತೊಡಗಿದ.

"ಮಾವ, ಊಟ ಅಲ್ಲೇ ನಿಲ್ಲಿಸಿ," ಎಂದಳು. "ತಲೆ ಅಲ್ಲಾಡಿಸದೆ ಕಣ್ಣಷ್ಟೇ ಮೇಲೆತ್ತಿ ಆ ಫ್ಯಾನ್ ನೋಡ್ತಾ ಇರಿ. ನಾನು ಹೇಳೋವರೆಗೂ ಕೆಳಗೆ ನೋಡಬೇಡಿ."

"ಯಾಕೇ, ಫ್ಯಾನ್ ಬೀಳುತ್ತಾ?" ಎಂದಳು ಅತ್ತೆ, ಗಾಬರಿಯಿಂದ ಅನ್ನದ ಪಾತ್ರೆಯನ್ನು ಪಕ್ಕಕ್ಕೆ ಸರಿಸುತ್ತಾ.

ಗಂಟೆಯಣ್ಣ ನೋಡುತ್ತಾ ಕೂತ. ಎಡರೆಪ್ಪೆ ಇಳಿಯಿತು. ಅದರ ಹಿಂದೆಯೇ ಬಲರೆಪ್ಪೆಯೂ ಇಳಿಯಿತು. ಸೊಸೆ ಫ್ರಿಜ್ಜಿನಿಂದ ಐಸು ತೆಗೆದು ಕರವಸ್ತ್ರದಲ್ಲಿ ಸುತ್ತಿ, ಮುಚ್ಚಿದ ಎಡಗಣ್ಣಿನ ಮೇಲೆ ಒತ್ತಿ ಹಿಡಿದಳು. ಅವನು ಮುಲುಗಿದರೂ ಬಿಡಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ತೆಗೆದು, "ಈಗ ಕಣ್ಣು ಬಿಡಿ" ಎಂದಳು.

ಎಡಗಣ್ಣು ಪೂರ್ತಿ ತೆರೆಯಿತು. ಐಸು ಇಡದ ಬಲಗಣ್ಣಿನ ರೆಪ್ಪೆ ಮಾತ್ರ ಇನ್ನೂ ಜೋತು ಬಿದ್ದಿತ್ತು.

"ಅಯ್ಯೋ, ಇದೇನ್ರೀ!" ಎಂದಳು ಅತ್ತೆ.

ಸೊಸೆಯ ಮುಖದಲ್ಲಿ ಗಾಬರಿ ಇರಲಿಲ್ಲ. ಕಳೆದ ಕೀಲಿಕೈ ಸಿಕ್ಕಿದವರ ನೆಮ್ಮದಿ ಇತ್ತು. "ನಿಮ್ಮ ಗಂಟಲು ಸವೆದಿಲ್ಲ ಮಾವ. ಇದು ಬೇರೆ. ಪರೀಕ್ಷೆ ಮಾಡಿ ಖಾತ್ರಿ ಮಾಡ್ಕೋಬೇಕು. ಆದ್ರೆ ಏನಂತ ನನಗೆ ಗೊತ್ತು, ಇದಕ್ಕೆ ಔಷಧಿಯೂ ಇದೆ."

"ಏನು?" ಎಂದ ಅವನು. ಒಂದೇ ಪದದಷ್ಟು ದನಿ ಉಳಿದಿತ್ತು.

ಅವಳು ಕುರ್ಚಿ ಹತ್ತಿರಕ್ಕೆ ಎಳೆದುಕೊಂಡಳು. "ನೀವು ಕೂಗಬೇಕು ಅಂದ್ಕೊಂಡ ಕೂಡಲೆ ಮೆದುಳಿಂದ ನರದಲ್ಲಿ ಒಂದು ಸುದ್ದಿ ಹೊರಡುತ್ತೆ. ಅದು ವಿದ್ಯುತ್ತೇ, ಆದ್ರೆ ನಮ್ಮ ಗೋಡೆ ಒಳಗಿನ ವೈರಿನ ಥರ ಅಲ್ಲ. ನರಕೋಶದ ಹೊರಗಡೆ ಉಪ್ಪಿನಲ್ಲಿರೋ ಸೋಡಿಯಂ ಜಾಸ್ತಿ, ಒಳಗೆ ಪೊಟ್ಯಾಸಿಯಂ ಜಾಸ್ತಿ. ಮಧ್ಯೆ ಇರೋ ಪೊರೇಲಿ ಚಿಕ್ಕ ಚಿಕ್ಕ ಬಾಗಿಲುಗಳಿವೆ. ಒಂದು ಕಡೆ ಬಾಗಿಲು ತೆಗೆದ್ರೆ ಸೋಡಿಯಂ ಒಳಗೆ ನುಗ್ಗುತ್ತೆ, ಅಲ್ಲಿ ವಿದ್ಯುತ್ತು ತಿರುಗುಮುರುಗಾಗುತ್ತೆ. ಅದರ ಹೊಡೆತಕ್ಕೆ ಪಕ್ಕದ ಬಾಗಿಲು ತೆಗೆಯುತ್ತೆ, ಅದರಿಂದ ಅದರ ಪಕ್ಕದ್ದು. ಹಂಗೇ ಸರಸರ ಅಂತ ಕೊನೇವರೆಗೂ ಓಡುತ್ತೆ."

"ಕೊನೇಲಿ?"

"ಕೊನೇಲಿ ಒಂದು ಸಂದು. ನರ ಹೋಗಿ ಸ್ನಾಯುಗೆ ಅಂಟ್ಕೊಂಡಿರಲ್ಲ, ನಡುವೆ ಕಣ್ಣಿಗೆ ಕಾಣದಷ್ಟು ಜಾಗ ಇರುತ್ತೆ. ವಿದ್ಯುತ್ತು ಅದನ್ನ ದಾಟಲ್ಲ. ಅಲ್ಲಿ ನರ ತನ್ನ ಹತ್ರ ಇರೋ ಚೀಲಗಳನ್ನ ಒಡೆದು ಒಂದು ರಾಸಾಯನಿಕ ಚೆಲ್ಲುತ್ತೆ. ಅದನ್ನ ಹಿಡಿಯೋಕೆ ಸ್ನಾಯು ಮೇಲೆ ಗ್ರಾಹಕಗಳು ಅಂತ ಇರ್ತವೆ. ಅವು ಹಿಡಿದ್ರೆ ಮಾತ್ರ ಸ್ನಾಯು ಎಳೆಯೋದು. ನಿಮ್ಮಲ್ಲಿ ನರ ಚೆನ್ನಾಗಿದೆ, ಸ್ನಾಯು ಚೆನ್ನಾಗಿದೆ. ರೋಗಾಣು ಜೊತೆ ಹೊಡೆದಾಡಬೇಕಾದ ರಕ್ತದ ಪ್ರತಿಕಾಯಗಳು ದಾರಿ ತಪ್ಪಿ ಆ ಗ್ರಾಹಕಗಳ ಮೇಲೆ ಬಿದ್ದಿವೆ. ಅರ್ಧಕ್ಕರ್ಧ ಕೆಟ್ಟಿವೆ. ಶುರುವಲ್ಲಿ ನರ ಧಾರಾಳವಾಗಿ ಚೆಲ್ಲುತ್ತಲ್ಲ, ಆಗ ಹೇಗೋ ನಡೆಯುತ್ತೆ. ಮತ್ತೆ ಮತ್ತೆ ಕೂಗಿದಾಗ ಚೆಲ್ಲೋದು ಕಮ್ಮಿ ಆಗುತ್ತೆ, ಸಾಕಾಗಲ್ಲ."

ಗಂಟೆಯಣ್ಣ ಬೆರಳಿನಿಂದ ಐಸಿನ ಕಡೆ ತೋರಿಸಿದ.

"ಚೆಲ್ಲಿದ ರಾಸಾಯನಿಕವನ್ನ ಒಂದು ಕಿಣ್ವ ತಕ್ಷಣ ಗುಡಿಸಿ ಹಾಕುತ್ತೆ. ತಣ್ಣಗಾದ್ರೆ ಅದು ಮೈಗಳ್ಳ ಆಗುತ್ತೆ. ರಾಸಾಯನಿಕ ಇನ್ನೊಂದು ಗಳಿಗೆ ಉಳಿಯುತ್ತೆ, ರೆಪ್ಪೆ ಏಳುತ್ತೆ. ಇದಕ್ಕೆ ಕೊಡೋ ಮಾತ್ರೆ ಮಾಡೋದೂ ಅದನ್ನೇ, ಆ ಕಿಣ್ವವನ್ನ ತಡೆಯೋದು."

ಮರುದಿನ ಬೆಳಿಗ್ಗೆ ಅವಳೇ ಆಸ್ಪತ್ರೆಗೆ ಕರೆದುಕೊಂಡು ಹೋದಳು. ನರರೋಗ ವಿಭಾಗದ ಹಿರಿಯ ಡಾಕ್ಟರು ಅವಳಿಗೆ ಪಾಠ ಹೇಳಿದವರು. ಗಂಟೆಯಣ್ಣನ ಹೆಗಲಿಗೆ ಲೋಹದ ಬಿಲ್ಲೆಗಳನ್ನು ಅಂಟಿಸಿ, ಕುತ್ತಿಗೆಯ ನರಕ್ಕೆ ಸಣ್ಣ ಸಣ್ಣ ಶಾಕು ಒಂದರ ಹಿಂದೊಂದು ಕೊಟ್ಟರು. ಪ್ರತಿ ಹೊಡೆತಕ್ಕೂ ಹೆಗಲು ಕುಪ್ಪಳಿಸುತ್ತಿತ್ತು. ಪರದೆಯ ಮೇಲೆ ಮೊದಲ ಅಲೆ ಎತ್ತರಕ್ಕೆ ಎದ್ದಿತು. ಅದರ ಮುಂದಿನದು ಗಿಡ್ಡ, ಆಮೇಲಿನದು ಇನ್ನೂ ಗಿಡ್ಡ.

"ಏನು ಕಾಣ್ತಿದೆ ಹೇಳಿ?" ಎಂದು ಡಾಕ್ಟರು ಅವನನ್ನೇ ಕೇಳಿದರು.

"ಈರುಳ್ಳಿಗೆ ಬಂದಾಗಿನ ನನ್ನ ದನಿ," ಎಂದ ಗಂಟೆಯಣ್ಣ. "ಸ್ವಾಮಿ, ಕುಡಿದೋರಿಗೂ ಇದು ಹಿಂಗೇ ಬರುತ್ತಾ?"

"ಇಲ್ಲ."

"ಹಂಗಾದ್ರೆ ಇದರದ್ದೊಂದು ಫೋಟೋ ಕೊಡಿ. ದೊಡ್ಡದಾಗಿ."

ರಕ್ತದಲ್ಲಿ ಆ ಪ್ರತಿಕಾಯಗಳು ಇದ್ದದ್ದೂ ಖಾತ್ರಿಯಾಯಿತು. ಎದೆಯ ಸ್ಕ್ಯಾನಿನಲ್ಲಿ ಇನ್ನೊಂದು ಸಂಗತಿ ಕಂಡಿತು: ಎದೆಮೂಳೆಯ ಹಿಂದಿನ ಥೈಮಸ್ ಗ್ರಂಥಿ ಊದಿಕೊಂಡಿತ್ತು. ದಾರಿ ತಪ್ಪಿದ ಪ್ರತಿಕಾಯಗಳಿಗೆ ಕುಮ್ಮಕ್ಕು ಅಲ್ಲಿಂದಲೇ ಇರಬಹುದು, ತೆಗೆಸುವುದು ಒಳ್ಳೆಯದು ಎಂದರು ಡಾಕ್ಟರು. ಅಲ್ಲಿಯವರೆಗೆ ಮಾತ್ರೆ ಬರೆದುಕೊಟ್ಟರು.

ಮೊದಲ ಮಾತ್ರೆ ನುಂಗಿ ಗಂಟೆಯಣ್ಣ ಪಡಸಾಲೆಯಲ್ಲಿ ಪರೀಕ್ಷೆಯ ಫಲಿತಾಂಶಕ್ಕೆ ಕಾಯುವವನ ಹಾಗೆ ಕೂತಿದ್ದ. ಮುಕ್ಕಾಲು ಗಂಟೆಯ ಹೊತ್ತಿಗೆ ಅಡುಗೆಮನೆಯಲ್ಲಿದ್ದ ಹೆಂಡತಿಯ ಕೈಯಿಂದ ಸೌಟು ಜಾರಿತು. ಹೊರಗಿನಿಂದ ಸಿಡಿಲಿನಂಥ ದನಿ ಬಂದಿತ್ತು: "ಲೇ ಇವಳೇ! ಚಹಾ!"

"ಮೂಗನಾಗಿದ್ದಾಗಲೇ ವಾಸಿ ಇತ್ತು," ಎಂದು ಗೊಣಗಿ ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು.

ಮಾರನೆಯ ದಿನ ಅವನು ಯಾರ ಮಾತನ್ನೂ ಕೇಳದೆ ಮಂಡಿಗೆ ಹೋದ. ಪೆಟ್ಟಿಗೆ ಹತ್ತಿ ಪರೀಕ್ಷೆಯ ಹಾಳೆಯನ್ನು ತಲೆಯ ಮೇಲೆ ಎತ್ತಿ ಹಿಡಿದ. "ನೋಡ್ರಪ್ಪಾ! ಇದು ನನ್ನ ನರದ ಲೆಕ್ಕ! ಗಂಟೆಯಣ್ಣ ಕುಡೀತಾನೆ ಅಂದೋರೆಲ್ಲ ಮುಂದೆ ಬಂದು ನೋಡಿ! ಅನ್ನದೇ ಇದ್ದೋರೂ ಬನ್ನಿ, ಮನಸ್ಸಲ್ಲಿ ಅಂದ್ಕೊಂಡಿರ್ತೀರ!" ಮಂಡಿಯೆಲ್ಲ ನಕ್ಕಿತು. ಕಾರ್ಯದರ್ಶಿ ಮುಖ ಸಣ್ಣಗೆ ಮಾಡಿಕೊಂಡು ಬಂದು, "ಕೂಗಣ್ಣ, ಈವತ್ತು ನೀನೇ ಕೂಗು" ಎಂದ.

ಕೂಗಿದ. ಸೊಗಸಾಗಿಯೇ ಕೂಗಿದ. ಈರುಳ್ಳಿಯ ಹೊತ್ತಿಗೆ ದನಿ ಕೊಂಚ ಸಡಿಲವಾದಂತೆ ಅನಿಸಿತು. ಒಂದು ಮಾತ್ರೆಗೆ ಗಂಟೆ ಬಾರಿಸಿದರೆ ಮೂರಕ್ಕೆ ನಗಾರಿಯೇ ಸರಿ ಎಂದುಕೊಂಡು ಜೇಬಿನಿಂದ ಮೂರು ತೆಗೆದು ಒಟ್ಟಿಗೆ ನುಂಗಿದ.

ಆಲೂಗಡ್ಡೆಯ ಹರಾಜಿನ ನಡುವೆ ಹೊಟ್ಟೆ ಹಿಂಡಿತು. ಬಾಯಲ್ಲಿ ಜೊಲ್ಲು, ಕಣ್ಣಲ್ಲಿ ನೀರು, ಮೈಯೆಲ್ಲ ಬೆವರು. ತೊಡೆಯ ಸ್ನಾಯುಗಳು ತಮ್ಮಷ್ಟಕ್ಕೆ ತಾವೇ ಅದುರತೊಡಗಿದವು. ಕಾಲು ಸೋತು ಪೆಟ್ಟಿಗೆಯಿಂದ ಕುಸಿದ. ಕಾರ್ಯದರ್ಶಿಯೇ ಅವನನ್ನು ತರಕಾರಿ ವ್ಯಾನಿನಲ್ಲಿ ಮಲಗಿಸಿಕೊಂಡು ಆಸ್ಪತ್ರೆಗೆ ಓಡಿದ.

ಸೊಸೆ ಪಾಠ ಅರ್ಧಕ್ಕೆ ಬಿಟ್ಟು ಬಂದಳು. ಡಾಕ್ಟರು ಅಪಾಯ ದಾಟಿತೆಂದು ಹೇಳುವವರೆಗೂ ಗೋಡೆಗೆ ಒರಗಿ ನಿಂತಿದ್ದಳು. ಆಮೇಲೆ ಮಂಚದ ಬಳಿ ಬಂದು, ಮದುವೆಯಾದ ಮೇಲೆ ಮೊದಲ ಸಲ, ಮಾವನಿಗೆ ದನಿ ಎತ್ತಿದಳು.

"ನಿಮಗೇನು ಬುದ್ಧಿ ಇದೆಯಾ? ಅದೇನು ಕಡಲೆಬೀಜವಾ, ಮುಕ್ಕೋಕೆ? ರಾಸಾಯನಿಕ ಹೆಚ್ಚಾದ್ರೂ ಸ್ನಾಯು ನಿಲ್ಲುತ್ತೆ ಮಾವ! ಒಂದು ಸುದ್ದಿ ಅಳಿಸಿದ ಮೇಲೇನೇ ಇನ್ನೊಂದು ಕೇಳೋದು. ಎಲ್ಲ ಒಟ್ಟಿಗೆ ಬಂದು ಬಿದ್ರೆ ಅದು ಏನು ಮಾಡಬೇಕು? ಉಸಿರಾಡೋ ಸ್ನಾಯುನೂ ನಿಂತುಬಿಟ್ಟಿದ್ರೆ? ಅತ್ತೆಗೆ ಏನಂತ ಹೇಳ್ಲಿ ನಾನು?"

ಗಂಟೆಯಣ್ಣ ಜೇಬಿನಲ್ಲಿ ಉಳಿದಿದ್ದ ಮಾತ್ರೆಗಳನ್ನು ತೆಗೆದು ಅವಳ ಕೈಗಿಟ್ಟ.

"ಇಷ್ಟು ಬೈಯೋಕೆ ಬರುತ್ತೆ ಅಂತ ಗೊತ್ತಿರ್ಲಿಲ್ಲ ಮಗಳೇ," ಎಂದ. "ತಪ್ಪಾಯ್ತು. ಇನ್ನು ನೀನು ಹೇಳಿದಷ್ಟೇ, ನೀನು ಹೇಳಿದಾಗಲೇ. ಆಪರೇಷನ್ನೂ ಮಾಡಿಸ್ಕೋತೀನಿ. ದಿನ ನೋಡು."

ಶಸ್ತ್ರಚಿಕಿತ್ಸೆ ಚೆನ್ನಾಗಿ ಆಯಿತು. ಅದಾದ ಮರುದಿನವೇ ರೋಗ ಬಿಟ್ಟುಹೋಗುವುದಿಲ್ಲ, ಫಲ ನಿಧಾನಕ್ಕೆ ಬರುತ್ತದೆ ಎಂದು ಅವಳು ಮೊದಲೇ ಹೇಳಿದ್ದಳು, ಹಾಗೆಯೇ ಆಯಿತು. ಮಳೆಗಾಲ ಕಳೆದು ಚಳಿ ಬರುವ ಹೊತ್ತಿಗೆ ಮಾತ್ರೆ ಕಡಿಮೆಯಾಗಿತ್ತು, ಊಟ ಗದ್ದ ಹಿಡಿಯದೆ ಮುಗಿಯುತ್ತಿತ್ತು. ಮಂಡಿಗೆ ಮರಳುವ ಮುನ್ನ ಗಂಟೆಯಣ್ಣ ಕಾರ್ಯದರ್ಶಿಯ ಎದುರು ತನ್ನದೇ ಷರತ್ತು ಇಟ್ಟ. ಮೊದಲರ್ಧ ತಾನು ಕೂಗುವುದು, ಉಳಿದದ್ದು ಮೆಣಸಿನಕಾಯಿ ವ್ಯಾಪಾರದ ಅಕ್ಕ ಕೂಗುವುದು.

"ಹೆಂಗಸಾ?" ಎಂದ ಕಾರ್ಯದರ್ಶಿ.

"ಒಂದು ಸಲ ಅವಳ ಹತ್ರ ಚೌಕಾಶಿ ಮಾಡಿ ನೋಡು, ಆಮೇಲೆ ಮಾತಾಡು."

ಅಕ್ಕನ ದನಿ ಇವನದಕ್ಕಿಂತ ಒಂದು ಕೈ ಮೇಲೆಯೇ ಇತ್ತು. ತನ್ನ ಪಾಳಿ ಮುಗಿದ ಮೇಲೆ ಗಂಟೆಯಣ್ಣ ಮೂಟೆಗೆ ಒರಗಿ ಚಹಾ ಕುಡಿಯುತ್ತಾ, ಸುತ್ತ ಕೂತವರಿಗೆ ನರಕೋಶದ ಸಂಗತಿ ಹೇಳುತ್ತಿದ್ದ. ಸೋಡಿಯಂ ನುಗ್ಗುವುದನ್ನು ಎರಡೂ ಕೈಯಲ್ಲಿ ತೋರಿಸುತ್ತಿದ್ದ. ಕಣ್ಣು ಸಣ್ಣಗೆ ಮಾಡಿದವರು, ಮಾತು ತಡವರಿಸಿದವರು ಯಾರು ಕಂಡರೂ ಹಿಡಿದು ಕೂರಿಸಿ ಮೇಲೆ ನೋಡಿಸುತ್ತಿದ್ದ, ಅನುಮಾನ ಬಂದರೆ ನೇರ ಆಸ್ಪತ್ರೆಗೆ ಅಟ್ಟುತ್ತಿದ್ದ.

ಒಂದು ಸಂಜೆ ಸೊಸೆ ಬಾಗಿಲಲ್ಲೇ ಚಪ್ಪಲಿ ಕಳಚುತ್ತಾ ರಾಗ ತೆಗೆದಳು. "ಮಾವ, ನಿದ್ದೆಗೆಟ್ಟ ಲಾರಿ ಡ್ರೈವರನ್ನೆಲ್ಲ ಕಳಿಸಬೇಡಿ. ಡಾಕ್ಟರು ನನ್ನನ್ನ ನೋಡಿ ನಗ್ತಾರೆ."

"ಎಲ್ಲರೂ ಬರೀ ನಿದ್ದೆಗೆಟ್ಟೋರೇನಾ?"

ಅವಳು ಚೀಲ ಕೆಳಗಿಟ್ಟು ಅವನ ಎದುರು ಕೂತಳು. "ಮಂಡಿಗೆ ಹೂಕೋಸು ತರೋ ಹೆಂಗಸನ್ನ ಕಳಿಸಿದ್ರಲ್ಲ, ಅವಳಿಗೆ ಮಾತ್ರ ನಿಜವಾಗ್ಲೂ ಇದೇ ಕಾಯಿಲೆ ಮಾವ. ಬೇಗ ಗೊತ್ತಾಯ್ತು. ಈವತ್ತು ಮಾತ್ರೆ ಶುರು ಮಾಡಿದ್ರು."

ಗಂಟೆಯಣ್ಣ ಎದ್ದು ಅಂಗಿ ಹಾಕಿಕೊಳ್ಳತೊಡಗಿದ. ಎಲ್ಲಿಗೆಂದು ಹೆಂಡತಿ ಕೇಳಿದಳು.

"ಅವಳ ಮನೆಗೆ. ಮಾತ್ರೆ ಒಂದೇ ನುಂಗು ಅಂತ ಹೇಳಿ ಬರ್ತೀನಿ. ಇದನ್ನ ನನ್ನಷ್ಟು ಚೆನ್ನಾಗಿ ಯಾರು ಹೇಳ್ತಾರೆ?"