ಅಣ್ಣನ ನೀಲಿ ಟೋಪಿ

ಅಡುಗೆಮನೆಯ ಕಡೆಯಿಂದ ಬೋಗುಣಿಯಲ್ಲಿ ನೀರು ಕದಡಿದ ಸಪ್ಪಳ ಕೇಳಿತು. ಬಲು ಸಣ್ಣ ಸಪ್ಪಳ. ಮೊಹರಮ್ಮಿನ ಹಲಗೆಗಳ ಬಡಿತ ಆಗಲೇ ನಿಂತಿರದಿದ್ದರೆ ಕೇಳುತ್ತಲೇ ಇರಲಿಲ್ಲ. ಬೆಕ್ಕಿರಬಹುದು ಅಂದುಕೊಂಡೆ. ಬೆಕ್ಕು ನೀರು ಕುಡಿಯುತ್ತದೆ, ಕದಡುವುದಿಲ್ಲ ಎಂದೂ ಅಂದುಕೊಂಡೆ. ಎದ್ದೆ.

ಎದ್ದು ಕಂಡದ್ದನ್ನು ಹೇಳುವ ಮೊದಲು ಆ ವಾರವೆಲ್ಲ ಮನೆಯಲ್ಲಿ ನಡೆದದ್ದನ್ನು ಹೇಳಬೇಕು.

ನನ್ನ ಅಣ್ಣ ಹುಸೇನಪ್ಪ ರಾಯಲ್ ಇಂಡಿಯನ್ ಏರ್ ಫೋರ್ಸಿನಲ್ಲಿ ಸ್ಕ್ವಾಡ್ರನ್ ಲೀಡರ್. ನಮ್ಮೂರು ಮಸ್ಕಿಯಲ್ಲಿ ಈ ಹುದ್ದೆಯ ಹೆಸರು ಯಾರ ನಾಲಿಗೆಗೂ ಒಗ್ಗದೆ ‘ವಿಮಾನದ ಸಾಹೇಬ’ ಎಂದಾಗಿತ್ತು. ಬೇಗಂಪೇಟೆಯಲ್ಲಿ ಹಾರಲು ಕಲಿತವನು, ಲಡಾಯಿಯಲ್ಲಿ ಬರ್ಮಾದ ಗಡಿಯವರೆಗೆ ಹೋಗಿ ಬಂದವನು. 1946ರ ಚಳಿಗಾಲದಲ್ಲಿ ರಜೆಯ ಮೇಲೆ ಬಂದ. ರಜೆ ಮುಗಿದ ಕೂಡಲೇ ಬೆಂಗಳೂರಿನಲ್ಲಿ ವೈದ್ಯರ ತಪಾಸಣೆ. ಪಾಸಾದರೆ ವಿಂಗ್ ಕಮಾಂಡರ್. ಇಲ್ಲವಾದರೆ ಹಾರಾಟ ಮುಗಿಯಿತು, ಉಳಿದ ನೌಕರಿಯೆಲ್ಲ ಕುರ್ಚಿಯ ಮೇಲೆ.

“ಕಣ್ಣು ಮುಚ್ಚಿಸಿ ಒಂಟಿಗಾಲ ಮ್ಯಾಲ ನಿಲ್ಲಸ್ತಾರ,” ಎಂದು ಊಟಕ್ಕೆ ಕೂತಾಗ ಹೇಳಿದ್ದ. “ಬರಿಗಾಲಾಗ. ಒಂಚೂರು ಅಲುಗಾಡಿದ್ರ ಹೊರಗ.”

ಅವ್ವ ರೊಟ್ಟಿ ಬಡಿಯುತ್ತ ಕೇಳಿಸಿಕೊಂಡಳು. ಕೇಳಿಸಿಕೊಂಡು ಹೇಳಿದಳು: “ಮೊಹರಮ್ಮಿನ ಕತ್ತಲ ರಾತ್ರಿ ಕೆಂಡ ತುಳದು ಹೋಗು. ನಿಂತೀ ಬರೋಬ್ಬರಿ.”

ಇದು ಎರಡು ವರ್ಷದ ಹರಕೆ. ಲಡಾಯಿಯ ಕಾಲದಲ್ಲಿ ಒಮ್ಮೆ ಅಣ್ಣನ ವಿಮಾನ ತಿರುಗಿ ಬರಲಿಲ್ಲವೆಂದು ತಂತಿ ಬಂದಿತ್ತು. ಅವ್ವ ಮೊಹರಮ್ಮಿನ ಪೀರಲದೇವರ ಮುಂದೆ ಹೋಗಿ, ಮಗ ಜೀವಂತ ಬಂದರೆ ಅಲಾಯಿಯ ಬೆಂಕಿಕುಣಿಯಲ್ಲಿ ಕೆಂಡ ತುಳಿಸುತ್ತೇನೆಂದು ಹರಕೆ ಹೊತ್ತಳು. ಹನ್ನೊಂದು ದಿನಕ್ಕೆ ಇನ್ನೊಂದು ತಂತಿ ಬಂತು, ಸಿಕ್ಕಿದ್ದಾನೆ ಎಂದು. ಆಮೇಲೆ ಎರಡು ಮೊಹರಮ್ಮಿಗೂ ಅವನಿಗೆ ರಜೆ ಸಿಕ್ಕಿರಲಿಲ್ಲ. ಈಗ ಸಿಕ್ಕಿತ್ತು, ಸಿಗಬಾರದ ಹೊತ್ತಿನಲ್ಲಿ.

ಅಣ್ಣ ನನ್ನನ್ನು ಹಿತ್ತಲಿಗೆ ಕರೆದ. “ನೀ ಹೇಳ್ಬೇ ಅವ್ವಗ.”

“ನೀನ ಹೇಳು. ಇನ್ನೂರು ಮಂದಿಗೆ ಹುಕುಂ ಕೊಡಾಂವ.”

“ಅವ್ರ್ಯಾರೂ ನಮ್ಮವ್ವ ಅಲ್ಲಲ.”

ಗುಂಡಿಗೆ ಹೆದರದವನು ರೊಟ್ಟಿ ಬಡಿಯುವ ಹೆಂಗಸಿಗೆ ಹೆದರಿ ನನ್ನನ್ನು ಮುಂದೆ ದೂಡುತ್ತಿದ್ದ. ಲಿಂಗಸುಗೂರಿನ ಹೆಣ್ಣುಮಕ್ಕಳ ಶಾಲೆಯಲ್ಲಿ ಅರವತ್ತು ಹುಡುಗಿಯರನ್ನು ಸುಮ್ಮನಾಗಿಸುವವಳು ನಾನು. ಹೈದರಾಬಾದಿನ ಕಾಲೇಜಿನಲ್ಲಿ ತರ್ಕಶಾಸ್ತ್ರವನ್ನೂ ಓದಿದ್ದೆ. ಅದೆಲ್ಲ ಅವ್ವನ ಒಲೆಯ ಮುಂದೆ ಏನೂ ಕೆಲಸಕ್ಕೆ ಬರಲಿಲ್ಲ.

“ಅವ್ವಾ, ಅಂಗಾಲು ಸುಟ್ರ ಅವನ ನೌಕರಿ ಕೆಡತೈತಿ.”

“ನಂಬಿಗಿ ಇದ್ದಾಂವಗ ಸುಡೂದಿಲ್ಲ.”

“ಹೋದ ವರ್ಷ ಅಂಬಪ್ಪಗ ಸುಟ್ಟಿತ್ತಲ್ಲ?”

“ಅಂವ ಸೆರೆ ಕುಡದಿದ್ದ.”

“ಅದರ ಹಿಂದಿನ ವರ್ಷ ಬಾಲಪ್ಪಗ?”

“ಅಂವ ಕುಡೀಲಾರದ ಬಂದಿದ್ದ, ಹೆದರಿಕಿ ಇತ್ತು. ಪೀರಲದೇವ್ರು ಕೊಟ್ಟ ಮಗಾಂತ ಹುಸೇನಪ್ಪ ಅಂತ ಹೆಸರಿಟ್ಟೀನಿ. ಕೊಟ್ಟಾಂವನೂ ಆಂವನ, ಉಳಿಸ್ದಾಂವನೂ ಆಂವನ. ನಿಮ್ಮ ಡಾಕ್ಟರ ಏನ ಕೊಟ್ಟಾನ?”

ಮೂರು ದಿನ ಹೀಗೇ ಕಳೆಯಿತು. ಅಣ್ಣ ಪ್ರತಿ ಊಟದಲ್ಲೂ ತಪಾಸಣೆಯ ಮಾತೆತ್ತಿ ಅರ್ಧಕ್ಕೆ ಬಿಡುತ್ತಿದ್ದ, ಅವ್ವ ಪ್ರತಿ ಊಟದಲ್ಲೂ ಅವನ ಅಂಗಾಲು ನೋಡಿ “ಮೆತ್ತಗಾಗ್ಯಾವ, ಬೂಟು ಹಾಕಿ ಹಾಕಿ” ಎನ್ನುತ್ತಿದ್ದಳು. ಇಬ್ಬರ ನಡುವೆ ನನ್ನ ತಲೆ ಚಿಟ್ಟು ಹಿಡಿಯಿತು. ಕೊನೆಗೆ ಅಲಾಯಿ ನೋಡಿಕೊಳ್ಳುವ ಮುದುಕ ಬುಡ್ಡೇಸಾಬರ ಹತ್ತಿರ ಹೋದೆ.

“ತಂಗೀ, ಹರಕಿ ಹೊತ್ತಾಂವ ಅವನೇನ?” ಎಂದರು.

“ಅಲ್ರೀ. ಅವ್ವ.”

“ಮತ್ತ? ಹೊತ್ತಾಕಿ ಬಂದು ಸಕ್ಕರಿ ಮ್ಯಾಲ ಫಾತೇಹ ಓದಿಸಿ ಮಾಫಿ ಬೇಡ್ಲಿ. ಇಲ್ಲಾ, ಅವನ ಮೈಮ್ಯಾಲಿನ ಅರಿವಿ ಒಂದ ಉಡ್ಯಾಗ ಕಟಗೊಂಡು ತಾನ ತೀರಸ್ಲಿ. ಎರಡೂ ನಡೀತೈತಿ.”

ಓಡಿಬಂದು ಅವ್ವನಿಗೆ ಹೇಳಿದೆ. ಮಾತು ಬಿಡದಂತೆ ವರದಿ ಒಪ್ಪಿಸುವುದು ನನ್ನ ಹೆಮ್ಮೆ. ಎರಡು ದಾರಿಯನ್ನೂ ಹೇಳಿದೆ. ಸಕ್ಕರೆ ಒಂದನ್ನೇ ಹೇಳಿದ್ದರೆ ಸಾಕಿತ್ತು.

“ಹಂಗಂದ್ರ? ಆತು ಬಿಡು,” ಎಂದಳು ಅವ್ವ. ಅಷ್ಟೇ. ಸಂಜೆ ಅಂಗಡಿಯಿಂದ ಸಕ್ಕರೆ ತರಿಸಿದಳು. ನಾನು ಗೆದ್ದೆನೆಂದುಕೊಂಡೆ.

ಅಣ್ಣನಂತೂ ತಾನೇ ಗೆದ್ದೆನೆಂದುಕೊಂಡ. “ನೋಡಿದ್ಯಾ? ಸಮಾಧಾನದಿಂದ ತಿಳಿಸಿ ಹೇಳಿದ್ರ ಅವ್ವ ಕೇಳ್ತಾಳ. ನಿಂದು ಬರೇ ವಾದ.” ಅವನ ತಟ್ಟೆಯನ್ನು ಅವನ ತಲೆಯ ಮೇಲೆಯೇ ಬೋರಲು ಹಾಕಬೇಕೆನಿಸಿತು.

ಮರುದಿನ ಬೆಳಕು ಹರಿಯುವ ಮುಂಚೆ ಅವನಿಗೆ ರಾಯಚೂರಿನ ಬಸ್ಸು. ಅಂದೇ ಕತ್ತಲ ರಾತ್ರಿ; ಅದರ ಗದ್ದಲಕ್ಕೆ ಹೋಗದೆ ಬೇಗ ಮಲಗಿದ. ದಿನಾ ಎಚ್ಚರವಾಗಿರುವ ನಾನೂ ಆ ಒಂದು ರಾತ್ರಿ ನೆಮ್ಮದಿಯಿಂದ ನಿದ್ದೆ ಹೋದೆ.

ನೀರಿನ ಆ ಸಪ್ಪಳಕ್ಕೆ ಎದ್ದು ಹೋದರೆ, ಅಡುಗೆಮನೆಯಲ್ಲಿ ಅವ್ವ ಗೋಡೆಗೆ ಒರಗಿ ಕೂತಿದ್ದಳು. ಎರಡೂ ಪಾದ ಬೋಗುಣಿಯ ನೀರಿನಲ್ಲಿದ್ದವು. ಉಡಿಯಲ್ಲಿ ಅಣ್ಣನ ಏರ್ ಫೋರ್ಸಿನ ನೀಲಿ ಟೋಪಿ, ಅದರ ಮೇಲೆಲ್ಲ ಬೂದಿ.

“ಅವ್ವಾ!”

“ಒದರಬ್ಯಾಡ. ಅಂವ ಏಳ್ತಾನ.”

“ಸಕ್ಕರಿ ತರಿಸಿದ್ದಿಯಲ್ಲ?”

“ಸಕ್ಕರೀನೂ ಓದಿಸ್ದೆ. ಬರೇ ಸಕ್ಕರ್‍ಯಾಗ ಮುಗಿಸಾಕ ಅದೇನ್ ಸಣ್ಣ ಮಾತನ? ಮಂದಿ ಚದುರಿದ ಮ್ಯಾಲ ಹೋಗಿದ್ದೆ. ಬುಡ್ಡೇಸಾಬ ಒಬ್ಬಾಂವ ಇದ್ದ.”

“ನಂಬಿಗಿ ಇದ್ದವ್ರಿಗೆ ಸುಡೂದಿಲ್ಲ ಅಂದಿದ್ದಿ.”

ಅವ್ವ ಒಂದು ಪಾದ ಎತ್ತಿ ದೀಪದ ಬೆಳಕಿಗೆ ಹಿಡಿದು ನೋಡಿಕೊಂಡಳು. ಅಂಗಾಲಿನ ತುಂಬ ಬೊಬ್ಬೆ. “ಕೆಂಡದ ನಡುವ ನಿಂತೆ,” ಎಂದಳು. “ಅಂವ ಒಂಟಿಗಾಲ ಮ್ಯಾಲ ಎಷ್ಟೊತ್ತು ನಿಲ್ಲಬೇಕೋ ಏನೋ ಅಂತ ನೆಪ್ಪಾತು. ನಿಂತುಬಿಟ್ಟೆ.”

ಬೈಯುವ ಬದಲು ಅವಳ ಉಡಿಯಿಂದ ಟೋಪಿ ತೆಗೆದುಕೊಂಡೆ.

ಅಣ್ಣ ಎದ್ದಾಗ ಟೋಪಿ ಸಿಗಲಿಲ್ಲ. ಬಚ್ಚಲಿನ ಹಿಂದೆ ನಿಂತು ನಾನು ಅದರ ಬೂದಿ ಒರೆಸುತ್ತಿದ್ದೆ. ಅಂಚಿನ ಹೊಲಿಗೆಯಲ್ಲಿ ಕೂತದ್ದು ಹೋಗಲೇ ಇಲ್ಲ.

“ಏನ್ಬೇ ಇದು? ಒಲಿ ಮ್ಯಾಲ ಇಟ್ಟಿದ್ದೇನು? ಮಾಸ್ತರ್ತಿ ಅಂತ, ಒಂದು ಟೋಪಿ ಕಾಯಾಕ ಬರೂದಿಲ್ಲ.”

“ತಪ್ಪಾತು,” ಎಂದೆ ಹಲ್ಲು ಕಚ್ಚಿ.

ಅವನು ಅವ್ವನ ಪಾದಕ್ಕೆ ಎರಗಲು ಬಗ್ಗಿದ. ಹೊರಸಿನ ಮೇಲೆ ಕೂತಿದ್ದ ಅವ್ವ ಕೌದಿಯೊಳಗೆ ಕಾಲು ಸೆಳೆದುಕೊಂಡಳು. “ಮೊಹರಮ್ಮಿನ್ಯಾಗ ಕಾಲಿಗೆ ಬೀಳಬಾರ್ದು.”

“ಇದ್ಯಾವಾಗಿಂದ ಬಂತು?”

“ನಿನ್ನಿಯಿಂದ. ನಡಿ, ಬಸ್ಸು ಹೋದೀತು.”

ಅವನು ನಗುತ್ತ ಹೋದ. ನಾನು ಅದೇ ದಿನ ಸಿಂಧನೂರಿನ ದವಾಖಾನೆಗೆ ಹೋಗಿ, ಕಾಲ ಮೇಲೆ ಬಿಸಿ ಅಂಬಲಿ ಚೆಲ್ಲಿಕೊಂಡೆನೆಂದು ಹೇಳಿ ಮುಲಾಮು ತಂದೆ.

ಮೂರು ವಾರಕ್ಕೆ ಅಣ್ಣನ ಕಾಗದ ಬಂತು. ಅವ್ವನ ಪಾದಕ್ಕೆ ಪಟ್ಟಿ ಕಟ್ಟುತ್ತಲೇ ಓದಿದೆ. ಪಾಸಾಗಿದ್ದ. ಒಂಟಿಗಾಲಲ್ಲಿ ಕಲ್ಲುಕಂಬದಂತೆ ನಿಂತನಂತೆ, ಡಾಕ್ಟರು ಸಾಕು ಎನ್ನಬೇಕಾಯಿತಂತೆ. ಕೊನೆಗೆ ಬರೆದಿದ್ದ: “ನನ್ನ ಮಾತು ಕೇಳಿ ಹರಕೆ ಬಿಟ್ಟದ್ದು ಒಳ್ಳೆಯದಾಯಿತೆಂದು ಅವ್ವನಿಗೆ ಹೇಳು.”

“ಇನ್ನೊಮ್ಮಿ ಓದು,” ಎಂದಳು ಅವ್ವ. ಡಾಕ್ಟರು ಸಾಕು ಎಂದ ಭಾಗವನ್ನು ಮಾತ್ರ ಓದಿದೆ. ಅವಳು ನೋವಿನ ಕಾಲನ್ನು ಹೊರಸಿನ ಮೇಲೆ ಚಾಚಿ, ತಾನೇ ವಿಂಗ್ ಕಮಾಂಡರ್ ಆದವಳಂತೆ ಕೂತಳು.

ಉತ್ತರ ಬರೆಯಲು ದೌತಿ ತೆಗೆದೆ. ಆ ಟೋಪಿಯ ಬೂದಿ ಎಲ್ಲಿಯದು ಗೊತ್ತೇನು ಎಂದು ಒಂದು ಸಾಲು ಬರೆದೆ. ಓದಿಕೊಂಡೆ. ಹಾಳೆ ಹರಿದು ಒಲೆಗೆ ಹಾಕಿದೆ. ಇನ್ನೊಂದು ಹಾಳೆಯಲ್ಲಿ, ಅವ್ವ ಆರಾಮಾಗಿದ್ದಾಳೆ, ಟೋಪಿಯ ವಿಷಯದಲ್ಲಿ ತಪ್ಪು ನನ್ನದೇ ಎಂದು ಬರೆದೆ. ಅವ್ವ ಇರುವ ತನಕ ಅವನಿಗಷ್ಟೇ ಅಲ್ಲ, ಯಾರಿಗೂ ಬೇರೆ ರೀತಿ ಹೇಳುವುದಿಲ್ಲವೆಂದು ನಿರ್ಧರಿಸಿ ಲಕೋಟೆ ಅಂಟಿಸಿದೆ.